ಅಣ್ಣ ಅಂದರೆ ಹತ್ತು ಬಸ್ಕಿ

ಅಕ್ಕನ ಮಾತು ನೆನಪಾದರೆ ಅದರ ಜೊತೆಗೆ ಹಲ್ಲಿನಲ್ಲಿ ಕಚ್ಚಿದ ದಾರವೂ ನೆನಪಾಗುತ್ತದೆ. ಸ್ವಂತ ಅಕ್ಕನಲ್ಲ, ಊರಿನ ಹುಡುಗಿಯರೆಲ್ಲ ಹಾಗೇ ಕರೆಯುತ್ತಿದ್ದರು. ಮಧುಗಿರಿ ಪೇಟೆಯ ಒಂದು ಓಣಿಯಲ್ಲಿ ಅವರ ಬ್ಯೂಟಿ ಪಾರ್ಲರ್ ಇತ್ತು. ಹುಬ್ಬು ತೆಗೆಯುವಾಗ ದಾರದ ಒಂದು ತುದಿ ಅವರ ಹಲ್ಲಿನಲ್ಲಿ, ಉಳಿದದ್ದು ಬೆರಳುಗಳಲ್ಲಿ. ಆ ಸ್ಥಿತಿಯಲ್ಲೇ ಅವರು ಪೇಟೆಯ ಅರ್ಧ ಹೆಂಗಸರಿಗೆ ಬುದ್ಧಿ ಹೇಳಿದ್ದರು. ತುಟಿ ಮುಚ್ಚಲಾಗದೆ ಆಡುವ ಮಾತಾದ್ದರಿಂದ ‘ಬುಡು’ ಎಂದದ್ದು ‘ಉಡು’ ಎಂದು ಕೇಳಿಸುತ್ತಿತ್ತು. ಕುರ್ಚಿಯಲ್ಲಿ ಕೂತವರು ನಗುವಂತಿಲ್ಲ. ನಕ್ಕರೆ ಹುಬ್ಬು ಓರೆಯಾಗುತ್ತದೆ.

ಹೋದ ತಿಂಗಳು ಅಕ್ಕ ಪಾರ್ಲರ್ ಮುಚ್ಚಿ ಮತ್ತೆ ಕುವೈತಿಗೆ ಹೊರಟರು. ನನಗೆ ದಿನಚರಿ ಬರೆಯುವ ಅಭ್ಯಾಸವಿದೆ. ಎಷ್ಟು ಹೊತ್ತಿಗೆ ಎದ್ದೆ, ಯಾವ ಬಸ್ಸು ಹತ್ತಿದೆ, ಯಾರ ಜೊತೆ ಏನು ಮಾತಾಯಿತು, ಎಲ್ಲ ಬರೆಯುತ್ತೇನೆ. ಅಕ್ಕನನ್ನು ಕುರಿತು ಏನಾದರೂ ಬರೆಯೋಣವೆಂದು ಆ ಪುಟಗಳನ್ನು ತೆಗೆದು ಕೂತರೆ ಕೋಲು, ಪೆಟ್ಟು, ನಗು ಎಲ್ಲವೂ ಇವೆ. ಆದರೆ ಓದುತ್ತಾ ಹೋದಂತೆ ನನ್ನ ಮುಖ ಬಿಸಿಯಾಗುತ್ತದೆ. ಅದಕ್ಕೆ ಕಾರಣ ಒಂದು ಸಂಜೆಯ ಬಸ್ಸು. ಅಲ್ಲಿಗೆ ಬರುವ ಮೊದಲು ಅಕ್ಕ ಎಂಥವರೆಂದು ಹೇಳಬೇಕು.

ಅವರು ಪಾವಗಡದ ಕಡೆಯವರು. ತಿರುಮಣಿಯ ಹತ್ತಿರದ ಹಳ್ಳಿ. ಮಾತಿನ ಮಧ್ಯೆ ತೆಲುಗು ನುಗ್ಗುತ್ತಿತ್ತು. ವಯಸ್ಸು ನಲವತ್ತರ ಆಸುಪಾಸು. ಗಿಡ್ಡ ಆಳು, ಅಗಲ ಭುಜ, ಎಡ ಮೊಣಕಾಲಿನಲ್ಲಿ ನೋವು. ಮದುವೆ, ಗಂಡ ಎಂದು ಯಾರಾದರೂ ಕೆದಕಿದರೆ, “ಅದು ಬೇರೆ ಪಾರ್ಲರು, ಅಲ್ಲಿ ಕೇಳಮ್ಮ” ಎನ್ನುತ್ತಿದ್ದರು. ಕುವೈತಿನಲ್ಲಿ ಎಂಟು ವರ್ಷ ಒಂದು ಸಲೂನಿನಲ್ಲಿ ಕೆಲಸ ಮಾಡಿದ್ದರು. ಅಲ್ಲಿ ಜೊತೆಗಿದ್ದವರೆಲ್ಲ ಫಿಲಿಪ್ಪೀನ್ಸ್ ದೇಶದ ಹೆಂಗಸರು. ಅವರಲ್ಲಿ ಒಬ್ಬ ಹಿರಿಯಳು ಶುಕ್ರವಾರದ ರಜೆಯ ದಿನ ಮಹಡಿಯ ಮೇಲೆ ಕಸಬರಿಗೆಯ ಹಿಡಿಕೆ ಹಿಡಿದು ತಮ್ಮ ದೇಶದ ಕೋಲಿನ ವರಸೆಗಳನ್ನು ಅಭ್ಯಾಸ ಮಾಡುತ್ತಿದ್ದಳಂತೆ. ಬಟ್ಟೆ ಒಣಹಾಕಲು ಹೋದ ಅಕ್ಕ ಬಕೆಟ್ ಕೆಳಗಿಟ್ಟು ನೋಡುತ್ತಾ ನಿಂತರು. “ಮುಂದಿನ ವಾರ ನಾನೂ ಒಂದು ಕಸಬರಿಗೆ ತಗೊಂಡೋದೆ. ಅಷ್ಟೇ ಕತೆ,” ಎನ್ನುತ್ತಿದ್ದರು.

ನಾನು ಅವರಲ್ಲಿಗೆ ಹೋದದ್ದು ಹುಬ್ಬಿಗಾಗಿಯೇ. ಆಗ ಶಿರಾದಲ್ಲಿ ಬಿ.ಎಡ್. ಓದುತ್ತಿದ್ದೆ. ದಿನವೂ ಮಧುಗಿರಿಯಿಂದ ಬಸ್ಸು. ಅಕ್ಕ ನನ್ನ ಮುಖದ ಮೇಲೆ ಬಾಗಿದಾಗ ಅವರ ಮುಂಗೈ ಮೇಲೆ ನೀಲಿ ಬಾಸುಂಡೆಗಳು ಕಂಡವು. ಪಾಪ, ಮನೆಯಲ್ಲಿ ಯಾರೋ ಹೊಡೆದಿರಬೇಕು ಅಂದುಕೊಂಡು ಮೆಲ್ಲಗೆ ಕೇಳಿದೆ.

“ಯಾರಕ್ಕಾ ಹೊಡೆದಿದ್ದು?”

ದಾರ ಬಾಯಿಂದ ತೆಗೆದರು. “ನಮ್ಮ ಹುಡ್ಗೀರು ಕಣಮ್ಮ. ನಾನೇ ಹೇಳ್ಕೊಟ್ಟು ನಾನೇ ಹೊಡುಸ್ಕೊಂಡಿದ್ದು. ಭಾನ್ವಾರ ಬಾ, ನಿಂಗೂ ಕೊಡ್ತೀನಿ.”

ಜೂನ್ ತಿಂಗಳ ಎರಡನೆಯ ಭಾನುವಾರ ಹೋದೆ. ಪಾರ್ಲರಿನ ಹಿಂದೆ ಒಂದು ಅಂಗಳ, ಅದರ ಆಚೆ ಗೋಡೆಗೆ ಹಿಟ್ಟಿನ ಗಿರಣಿ. ಎಂಟು ಹುಡುಗಿಯರು ಚೂಡಿದಾರದ ದುಪ್ಪಟ್ಟಾ ಸೊಂಟಕ್ಕೆ ಕಟ್ಟಿಕೊಂಡು ಎರಡೆರಡು ಬೆತ್ತ ಹಿಡಿದು ನಿಂತಿದ್ದರು. ಒಬ್ಬಳಾದರೂ ಮನೆಯಲ್ಲಿ ನಿಜ ಹೇಳಿ ಬಂದಿರಲಿಲ್ಲ. ಎಲ್ಲರೂ ಪಾರ್ಲರಿಗೆ ಹೋಗುತ್ತೇವೆ ಎಂದೇ ಹೊರಟವರು. ನಾನೂ ಹಾಗೇ ಮಾಡಿದೆ. ತಿಂಗಳು ಕಳೆಯುವುದರೊಳಗೆ ನಮ್ಮ ಅಮ್ಮ ಕೇಳಿದರು: “ಹುಬ್ಬು ಎರಡೇ ಅಲ್ವೇನೇ ಇರೋದು? ವಾರ ವಾರ ಏನ್ ಕೀಳುಸ್ತೀಯ?”

ಅಕ್ಕ ಎಣಿಸುತ್ತಿದ್ದುದು ಆ ಹಿರಿಯಳ ಭಾಷೆಯಲ್ಲಿ. ಇಸಾ, ದಲವಾ, ತತ್ಲೋ, ಅಂದರೆ ಒಂದು, ಎರಡು, ಮೂರು. ಬಲ ಭುಜದಿಂದ ಎಡ ಸೊಂಟಕ್ಕೆ ಓರೆಯಾಗಿ ಬೀಳುವುದು ಇಸಾ. ಎಡ ಭುಜದಿಂದ ಬಲ ಸೊಂಟಕ್ಕೆ ಬರುವುದು ದಲವಾ. ತಪ್ಪಿದರೆ “ಮಳ್ಳಾ!” ಎನ್ನುತ್ತಿದ್ದರು. ಮಳ್ಳಾ ಎಂದರೆ ತೆಲುಗಿನಲ್ಲಿ ಮತ್ತೊಮ್ಮೆ. ಕನ್ನಡದಲ್ಲಿ ಬೈದು, ಫಿಲಿಪ್ಪೀನ್ಸಿನ ಭಾಷೆಯಲ್ಲಿ ಎಣಿಸಿ, ತೆಲುಗಿನಲ್ಲಿ ಮತ್ತೆ ಶುರು ಮಾಡಿಸುತ್ತಿದ್ದರು. ಅವರು ಅರಬ್ಬಿ ಮಂತ್ರ ಹೇಳುತ್ತಾರೆಂದು ಗಿರಣಿಯ ಯಜಮಾನರು ಬಹಳ ದಿನ ನಂಬಿದ್ದರು.

ನಮಗೆಲ್ಲ ಶಾಲೆಯಲ್ಲಿ ಕೋಲಾಟ ಕಲಿಸಿದ್ದರು. ಅದೇ ತೊಡಕಾಯಿತು. ಎದುರಿಗಿದ್ದವಳು ಕೋಲೆತ್ತಿದರೆ ನಮ್ಮ ಕೋಲು ತಾನಾಗಿ ಹೋಗಿ ಅವಳ ಕೋಲಿಗೇ ಬಡಿಯುತ್ತಿತ್ತು, ತಾಳಕ್ಕೆ ಸರಿಯಾಗಿ. ಕೆಲವರ ಕಾಲೂ ಕುಣಿಯುತ್ತಿತ್ತು. ಅಕ್ಕ ತಲೆ ಮೇಲೆ ಕೈಹೊತ್ತು ಕೂರುತ್ತಿದ್ದರು.

“ಯಾಕ್ರೇ ಕೋಲಿಗ್ ಕೋಲು ಹೊಡೀತೀರ? ಕೋಲು ನಿಮ್ಗೇನ್ ಮಾಡ್ತು? ಮುಟ್ಟಿದ್ದು ಯಾವ್ದು? ಕೈ. ಆ ಕೈಗೆ ಹೊಡೀರಿ. ಹಾವಿಂದು ಹಲ್ಲು ಕಿತ್ತಾಕುದ್ರೆ ಅದು ಬರೀ ಹಗ್ಗ.”

ಕೋಲಿಲ್ಲದಿದ್ದರೆ ಛತ್ರಿ, ಛತ್ರಿ ಇಲ್ಲದಿದ್ದರೆ ನೀರಿನ ಬಾಟಲಿ, ಅದೂ ಇಲ್ಲದಿದ್ದರೆ ಬಾಚಣಿಗೆ. ದಾರಿ ಅದೇ, ಇಸಾ, ದಲವಾ. ಏನೂ ಇಲ್ಲದಿದ್ದರೆ ಬರಿಗೈ. ಆದರೆ ಇದೆಲ್ಲಕ್ಕಿಂತ ಮೊದಲು ಓಡಬೇಕು. ಓಡಲಾಗದಿದ್ದರೆ ಕೂಗಬೇಕು. ಹೊಡೆಯುವುದು ಕಡೆಗೆ. ಕೋಲು ಬೀಸುವುದನ್ನು ನಾವು ಬೇಗ ಕಲಿತೆವು. ಕೂಗುವುದು ಬರಲಿಲ್ಲ. ಗಿರಣಿ ಓಡುವಾಗ ಅದರ ಸದ್ದಿನಲ್ಲಿ ಚೆನ್ನಾಗಿಯೇ ಕೂಗುತ್ತಿದ್ದೆವು, ಅದು ನಿಂತ ಕ್ಷಣ ನಮ್ಮ ಬಾಯಿಯೂ ಮುಚ್ಚುತ್ತಿತ್ತು. ಅಕ್ಕ ಇದನ್ನು ಗಮನಿಸಿ ತರಗತಿಯನ್ನು ಭಾನುವಾರ ಮಧ್ಯಾಹ್ನಕ್ಕೆ ಬದಲಾಯಿಸಿದರು. ಆ ಹೊತ್ತಿಗೆ ಗಿರಣಿ ಮುಚ್ಚಿರುತ್ತದೆ. ಮೊದಲ ವಾರವೇ ಓಣಿಯ ಅಜ್ಜಿಯೊಬ್ಬರು ಬಾಗಿಲಲ್ಲಿ ಇಣುಕಿ, “ಯಾರ್ಗೇನಾಯ್ತ್ರಮ್ಮಾ?” ಎಂದು ಕೇಳಿದರು. ಮರುದಿನ ಅಂಗಡಿಯವರು ಉಪ್ಪು ಕಟ್ಟಿಕೊಡುತ್ತಾ, “ನಿನ್ನೆ ಕಿರುಚ್ತಿದ್ದೋಳು ನೀನೇನಾ?” ಎಂದರು. ಕಿವಿ ಕಾದುಹೋಯಿತು. ಇನ್ನು ಬರುವುದಿಲ್ಲವೆಂದು ಅಕ್ಕನಿಗೆ ಹೇಳಿದೆ.

“ನಾಚ್ಕೆ ಆಯ್ತಾ?”

“ಹೂಂ ಅಕ್ಕ.”

“ಸರ್ಲೇ. ಆಗ್ಲಿ. ನಾಚ್ಕೆ ಹೋಗ್ಲಿ ಆಮೇಲ್ ಕಿರುಚಾನ ಅಂತ ಕುಂತ್ರೆ ಮುದುಕಿ ಆಗ್ತೀಯ. ನಾಚ್ಕೊಂಡೇ ಕಿರುಚು.”

ಇನ್ನು ‘ಅಣ್ಣ’ನ ವಿಷಯ. ಜುಲೈ ಮೊದಲ ವಾರ ನಡೆದದ್ದು. ನಾನು ಎಲ್ಲರಿಗಿಂತ ಎತ್ತರವಾದ್ದರಿಂದ ಗಂಡಸಿನ ಪಾತ್ರ ಯಾವಾಗಲೂ ನನ್ನದೇ. ಎದುರಿಗೆ ರೂಪ. ದೊಡ್ಡೇರಿ ಕಡೆಯ ಹುಡುಗಿ, ಔಷಧಿ ಅಂಗಡಿಯಲ್ಲಿ ಕೆಲಸ. ನಾನು ಅವಳ ಮಣಿಕಟ್ಟು ಹಿಡಿಯಬೇಕು, ಅವಳು ಕೂಗಿ ಬಿಡಿಸಿಕೊಳ್ಳಬೇಕು. ಹಿಡಿದೆ. ರೂಪ ಕಣ್ಣು ಮುಚ್ಚಿ, ಉಸಿರೆಳೆದುಕೊಂಡು, ಇದ್ದಷ್ಟು ಗಂಟಲಲ್ಲಿ ಕೂಗಿದಳು: “ಅಣ್ಣಾ! ಬುಡಣ್ಣಾ!”

ಎಲ್ಲರೂ ನೆಲಕ್ಕೆ ಕುಸಿದು ನಕ್ಕರು. ಅಕ್ಕ ನಗಲಿಲ್ಲ.

“ಯಾವನೇ ನಿಂಗೆ ಅಣ್ಣ?”

“ಬಾಯಿಗ್ ಬಂದ್ಬುಡ್ತು ಅಕ್ಕಾ.”

“ಅಣ್ಣ ಅಂದ್ರೆ ಅವ್ನು, ಅಯ್ಯೋ ನನ್ ತಂಗೀನಾ ಹಿಡ್ಕೊಂಡ್ಬುಟ್ಟೆ ಅಂತ ಬುಟ್ಬುಡ್ತಾನಾ? ಹತ್ತು ಬಸ್ಕಿ ಹೊಡಿ.”

ರೂಪಳೊಬ್ಬಳೇ ಅಲ್ಲ. ಸರದಿಯಲ್ಲಿ ಉಳಿದವರ ಬಾಯಿಂದಲೂ ಅದೇ ಬಂತು. ನಮ್ಮ ಕಡೆ ಆಟೋದವರು ಅಣ್ಣ, ಕಂಡಕ್ಟರ್ ಅಣ್ಣ, ಸೊಪ್ಪು ಮಾರುವವರು ಅಣ್ಣ. ಆ ಪದ ಸೇರಿಸದೆ ಗೊತ್ತಿಲ್ಲದ ಗಂಡಸಿನ ಮುಂದೆ ಬಾಯಿ ತೆರೆಯುವುದೇ ನಮಗೆ ಬರುವುದಿಲ್ಲ. ಅದಿಲ್ಲದೆ ಮಾತಾಡಿಸಿದರೆ ಸೊಕ್ಕು ಎನ್ನುತ್ತಾರೆ. ಅಕ್ಕ ಅಂದಿನಿಂದ ಕಾನೂನು ಮಾಡಿದರು. ಅಭ್ಯಾಸದಲ್ಲಿ ಒಂದು ಸಲ ಅಣ್ಣ ಅಂದರೆ ಹತ್ತು ಬಸ್ಕಿ. ಯಾರು ಎಷ್ಟು ಸಲ ಅಂದರು ಎಂಬ ಲೆಕ್ಕ ಇಡುವ ಕೆಲಸ ನನಗೆ ಬಂತು. “ನೀನೆಂಗೂ ಎಲ್ಲಾ ಬರೀತೀಯಲ್ಲ, ಇದ್ನೂ ಬರಿ.” ಹೆಸರುಗಳ ಮುಂದೆ ಗೀಟು ಹಾಕುತ್ತಾ ಹೋದೆ. ರೂಪಳ ಸಾಲು ಪುಟದ ಅಂಚು ಮುಟ್ಟಿತು. “ಇನ್ನೊಂದ್ ಪುಟ ತಗೊಳೇ, ನನ್ ಅಣ್ಣಂದ್ರು ಜಾಸ್ತಿ” ಎಂದು ಅವಳೇ ಹೇಳುತ್ತಿದ್ದಳು. ನನ್ನ ಹೆಸರಿನ ಮುಂದೆ ಮಾತ್ರ ಒಂದು ಗೀಟೂ ಇರಲಿಲ್ಲ. ಯಾವಾಗಲೂ ಕೈ ಹಿಡಿಯುವ ಗಂಡಸಾಗಿದ್ದ ನನಗೆ, ಎಲ್ಲರೂ ಒಟ್ಟಿಗೆ ಕೂಗುವುದನ್ನು ಬಿಟ್ಟರೆ, ಒಬ್ಬಳೇ ಕೂಗುವ ಸರದಿಯೇ ಬರುತ್ತಿರಲಿಲ್ಲ. ಆದರೂ ಆ ಖಾಲಿ ಜಾಗ ನೋಡಿ ಒಳಗೊಳಗೇ ಹೆಮ್ಮೆಪಟ್ಟಿದ್ದೆ.

ಸೆಪ್ಟೆಂಬರಿನಲ್ಲಿ ಶಿರಾದ ಒಂದು ಹುಡುಗಿಯರ ಹಾಸ್ಟೆಲಿನವರು ಅಕ್ಕನನ್ನು ಕರೆದರು. ಅಲ್ಲಿಯೂ ವಾರಕ್ಕೊಂದು ತರಗತಿ ಮಾಡಿದರೆ ಹೇಗೆ ಎಂಬ ಮಾತು. ಮೊದಲು ಮಾಡಿ ತೋರಿಸಬೇಕಿತ್ತು. ಅಕ್ಕನಿಗೆ ಇದು ಬಹಳ ದೊಡ್ಡದಾಗಿತ್ತು. ಅಂಗಳದಲ್ಲಿ ಕದ್ದು ಕಲಿಸುತ್ತಿದ್ದುದನ್ನು ಒಂದು ಸಭಾಂಗಣದಲ್ಲಿ, ಬಾಗಿಲು ತೆರೆದಿಟ್ಟು, ಮೇಡಂ ಎನಿಸಿಕೊಂಡು ಕಲಿಸುವ ಅವಕಾಶ. ನನ್ನನ್ನೂ ಜೊತೆಗೆ ಕರೆದುಕೊಂಡರು. ಬೆತ್ತಗಳನ್ನು ಉದ್ದನೆಯ ಬಟ್ಟೆ ಬ್ಯಾಗಿಗೆ ತುಂಬಿ ಹೊರಟೆವು.

ಅಂದು ಅಕ್ಕನನ್ನು ನೋಡಬೇಕಿತ್ತು. ಎರಡು ಕೋಲುಗಳು ಗಾಳಿಯಲ್ಲಿ ಜಡೆ ಹೆಣೆದಂತೆ ಸುತ್ತುತ್ತಿದ್ದವು. ನಾನು ಕೈ ಚಾಚುವಷ್ಟರಲ್ಲಿ ನನ್ನ ಬೆರಳ ಗಂಟಿನ ಮೇಲೆ ಬೆತ್ತದ ತುದಿ ಬಂದು, ತಾಕಿಯೂ ತಾಕದಂತೆ ನಿಲ್ಲುತ್ತಿತ್ತು. ಹುಡುಗಿಯರು ಬೆಂಚಿನ ಮೇಲೆ ಹತ್ತಿ ಚಪ್ಪಾಳೆ ಹೊಡೆದರು. ಒಬ್ಬಳು ಎದ್ದು, “ಮೇಡಂ, ನಿಮ್ಮನ್ನ ಯಾರಾದ್ರೂ ಮುಟ್ಟಿದ್ರೆ ಏನ್ಮಾಡ್ತೀರ?” ಎಂದಳು.

ಅಕ್ಕ ಕೋಲನ್ನು ಹೆಗಲ ಮೇಲಿಟ್ಟುಕೊಂಡು, “ಮುಟ್ಲಿ, ನೋಡಾನ” ಅಂದರು.

ಸಭಾಂಗಣ ಹಾರಿಹೋಗುವಷ್ಟು ನಗು. ಮುಂದಿನ ಸೋಮವಾರದಿಂದಲೇ ಶುರು ಮಾಡಿ ಎಂದು ವಾರ್ಡನ್ ಹೇಳಿದರು.

ಸಂಜೆ ಬಸ್ಸು ಕಿಕ್ಕಿರಿದಿತ್ತು. ಇಬ್ಬರೂ ನಿಂತೆವು, ಅಕ್ಕ ಮುಂದೆ, ಅವರ ಹಿಂದೆ ನಾನು. ನಮ್ಮ ಕಡೆ ಬಸ್ಸಿನಲ್ಲಿ ಒಂದು ಪದ್ಧತಿ ಇದೆ. ನಿಂತವರ ಬ್ಯಾಗನ್ನು ಕೂತವರು ತಾವಾಗಿ ಕೇಳಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಬೇಡ ಅನ್ನುವವರಿಲ್ಲ, ಕೊಡು ಎಂದು ಕೇಳದವರೂ ಕಡಿಮೆ. ಅಕ್ಕನ ಪಕ್ಕದ ಸೀಟಿನಲ್ಲಿ ಐವತ್ತರ ಸುಮಾರಿನ ಒಬ್ಬರು ಕೂತಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಪೆನ್ನು. ನೋಡಿದರೆ ಯಾರದೋ ಚಿಕ್ಕಪ್ಪ. “ಕೊಡಮ್ಮ ಇತ್ಲಾಗೆ, ಎಷ್ಟೊತ್ತು ಇಡ್ಕೊಂಡ್ ನಿಂತ್ಕೊಂತೀಯ” ಎಂದು ಬ್ಯಾಗ್ ಇಸಿದುಕೊಂಡು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡರು.

ಶಿರಾ ದಾಟಿದ ಮೇಲೆ ಅಕ್ಕನ ಬೆನ್ನು ಬಿಗಿಯಾಗಿದ್ದು ನನಗೆ ಕಂಡಿತು. ಮೊದಲು ಮೊಣಕಾಲು ನೋವು ಅಂದುಕೊಂಡೆ. ಆಮೇಲೆ ಬಗ್ಗಿ ನೋಡಿದೆ. ಬ್ಯಾಗಿನ ಮರೆಯಲ್ಲಿ ಆ ಮನುಷ್ಯನ ಕೈ ಅಕ್ಕನ ಸೊಂಟದ ಹತ್ತಿರ ಇತ್ತು. ಬಸ್ಸಿನ ಕುಲುಕಾಟಕ್ಕೆ ತಾಕಿದ್ದಲ್ಲ. ಬಸ್ಸು ನಿಂತಾಗಲೂ ಅದು ಅಲ್ಲೇ ಇತ್ತು. ಮುಖ ಮಾತ್ರ ಕಿಟಕಿಯ ಕಡೆಗೆ. ಅವನ ತೊಡೆಯ ಮೇಲೆ ನಮ್ಮ ಬೆತ್ತಗಳು.

ನನಗೆ ಭಯವಾಗಲಿಲ್ಲ ಎಂಬುದನ್ನು ಬರೆಯಲೇಬೇಕು. ಒಂದು ಬಗೆಯ ಉತ್ಸಾಹವೇ ಆಯಿತು. ಈಗ ನೋಡು, ಈಗ ಆ ಬೆರಳ ಗಂಟಿನ ಮೇಲೆ ಬೀಳುತ್ತದೆ, ಇಸಾ, ದಲವಾ, ಎಂದು ಕಾಯುತ್ತಾ ನಿಂತೆ. ಅಕ್ಕನ ಇನ್ನೊಂದು ಪ್ರದರ್ಶನಕ್ಕೆ ಕಾದ ಹಾಗೆ.

ಅಕ್ಕ ತಿರುಗಿದರು. ಬಾಯಿ ತೆರೆದರು.

“ಅಣ್ಣಾ, ಬ್ಯಾಗ್ ಕೊಡಿ.”

“ಇರ್ಲಿ ಬುಡಮ್ಮ. ಭಾರ ಏನಿಲ್ಲ.”

“ಪರ್ವಾಗಿಲ್ಲ ಅಣ್ಣಾ, ಕೊಡಿ.”

“ಇನ್ನೂ ದೂರ ಐತಲ್ಲಮ್ಮ.” ಅವನ ದನಿಯಲ್ಲಿ ಎಷ್ಟು ವಿಶ್ವಾಸವಿತ್ತೆಂದರೆ ಪಕ್ಕದಲ್ಲಿದ್ದ ಹೆಂಗಸು ಕೂಡ, “ಇಡ್ಕೊಳ್ಲಿ ಬುಡಮ್ಮ, ಪಾಪ” ಅಂದಳು.

ಅಕ್ಕ ಮತ್ತೆ ಮುಂದಕ್ಕೆ ತಿರುಗಿಕೊಂಡರು. ಸರಿಯಲು ಜಾಗವಿರಲಿಲ್ಲ. ಮೇಲಿನ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಬಡವನಹಳ್ಳಿ ಬಂತು. ಆ ಮನುಷ್ಯ ಎದ್ದು, ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಅಕ್ಕನಿಗೆ ಕೊಟ್ಟು, “ಕುಂತ್ಕೊಳಮ್ಮ, ಸೀಟ್ ಖಾಲಿ ಆಯ್ತು” ಅಂದ.

ಅಕ್ಕ, “ಥ್ಯಾಂಕ್ಸ್ ಅಣ್ಣಾ” ಅಂದರು.

ಆ ಸೀಟಿನಲ್ಲಿ ಅವರು ಕೂರಲಿಲ್ಲ. ನಾನೂ ಕೂರಲಿಲ್ಲ. ಬೇರೆ ಯಾರೋ ಕೂತರು. ಮಧುಗಿರಿಯಲ್ಲಿ ಇಳಿದಾಗ ಅಕ್ಕ ನನ್ನ ಮುಖ ನೋಡದೆ, “ದಾರ ತಗೋಬೇಕು, ಅಂಗ್ಡಿ ಮುಚ್ಬುಡ್ತಾರೆ” ಎಂದು ಹೊರಟುಹೋದರು. ದಾರದ ಅಂಗಡಿ ಇದ್ದದ್ದು ಅವರು ಹೋದ ದಿಕ್ಕಿನಲ್ಲಲ್ಲ.

ಸೋಮವಾರ ಅಕ್ಕ ಶಿರಾಕ್ಕೆ ಹೋಗಲಿಲ್ಲ. ಮೈ ಹುಷಾರಿಲ್ಲ ಎಂದು ಫೋನು ಮಾಡಿದರಂತೆ. ಭಾನುವಾರ ಅಂಗಳದ ಬಾಗಿಲಿಗೆ ಬೀಗ. ಅದರ ಮುಂದಿನ ಭಾನುವಾರವೂ ಬೀಗ. ಹುಡುಗಿಯರು ಓಣಿಯಲ್ಲೇ ನಿಂತು ನನ್ನನ್ನು ಕೇಳಿದರು. “ನಿಂಗೊತ್ತಿರ್ಬೇಕಲ್ಲೇ, ನೀನ್ ತಾನೆ ಜೊತೇಲ್ ಹೋಗಿದ್ದು?” ಎಂದಳು ರೂಪ. ಗೊತ್ತಿಲ್ಲ ಅಂದೆ. ಶಿರಾದ ವಾರ್ಡನ್ ಬೇರೆ ಯಾರನ್ನಾದರೂ ನೋಡುತ್ತೇವೆ ಎಂದು ಹೇಳಿ ಕಳಿಸಿದರು. ನಮ್ಮದೂ ಮುಗಿಯಿತೆಂದೇ ಎಲ್ಲರೂ ಅಂದುಕೊಂಡರು. ನನಗೆ ಅಕ್ಕನ ಮೇಲೆ ಸಿಟ್ಟಿತ್ತು. ಇಷ್ಟೆಲ್ಲ ಹೇಳಿಕೊಟ್ಟವರು ಹೀಗೆ ಮಾಡಬಹುದೇ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ಅದೇ ವಾಕ್ಯ ಓದುವಾಗಲೇ ಈಗ ಮುಖ ಮುಚ್ಚಿಕೊಳ್ಳಬೇಕು ಅನಿಸುವುದು.

ಮೂರನೆಯ ವಾರ ಹುಬ್ಬಿನ ನೆಪ ಮಾಡಿಕೊಂಡು ಪಾರ್ಲರಿಗೆ ಹೋದೆ. ಅಕ್ಕ ಕುರ್ಚಿ ತೋರಿಸಿದರು. ನಾನು ಕಣ್ಣು ಮುಚ್ಚಿ, ಹುಬ್ಬಿನ ಮೇಲೆ ಕೆಳಗೆ ಬೆರಳಿಟ್ಟು ಚರ್ಮ ಎಳೆದು ಹಿಡಿದೆ. ದಾರ ಓಡಲು ಶುರುವಾಯಿತು. ಒಂದು ಹುಬ್ಬು ಮುಗಿಯಿತು. ಆಮೇಲೆ ದಾರ ಕಚ್ಚಿದ ಬಾಯಿಯಿಂದಲೇ ಕೇಳಿದರು.

“ನೋಡುದ್ಯಾ?”

“ಹೂಂ.”

“ಎಲ್ಲಾ?”

“ಹೂಂ ಅಕ್ಕ.”

ದಾರ ನಿಂತಿತು. ನಾನು ಕಣ್ಣು ತೆರೆಯಲಿಲ್ಲ. ಅವರ ಉಸಿರು ನನ್ನ ಹಣೆಗೆ ತಾಕುತ್ತಿತ್ತು.

“ಕುವೈತ್ನಲ್ಲಿ ಒಬ್ಬುನ್ ಕೈ ಮುರ್ದಿದೀನಿ ಕಣಮ್ಮ ನಾನು. ಸುಳ್ಳಲ್ಲ. ಅವುನ್ ಭಾಸೆ ನಂಗೆ ಬರ್ತಿರ್ಲಿಲ್ಲ, ನನ್ ಭಾಸೆ ಅವುನ್ಗೆ ಬರ್ತಿರ್ಲಿಲ್ಲ. ಸುಲಭ್ವಾಗ್ ಹೊಡ್ದೆ. ಇವ್ನು ‘ಕೊಡಮ್ಮ ಇತ್ಲಾಗೆ’ ಅಂದ್ನಲ್ಲ... ನಮ್ಮಪ್ಪ ಹಂಗೇ ಅಂತಿದ್ದ.” ಕತ್ತರಿಯಿಂದ ಹೊಸ ದಾರ ಕತ್ತರಿಸಿದ ಸದ್ದಾಯಿತು. “ಹುಡ್ಗೀರ್ಗೆ ಹೇಳುದ್ಯಾ?”

“ಇಲ್ಲ.”

“ಒಳ್ಳೇದಾಯ್ತು” ಎಂದು ಇನ್ನೊಂದು ಹುಬ್ಬಿಗೆ ದಾರ ಹಚ್ಚಿದರು. ಆ ಹುಬ್ಬು ಸ್ವಲ್ಪ ಓರೆಯಾಯಿತು. ಕನ್ನಡಿ ಕೊಡುವಾಗ, “ಭಾನ್ವಾರ ಎಲ್ರುನ್ನೂ ಬರಕ್ಕೇಳು. ಗೀಟ್ ಹಾಕೋ ಪುಸ್ತಕ ತಗೊಂಬಾ” ಎಂದರು.

ಅಕ್ಟೋಬರಿನ ಆ ಭಾನುವಾರ ಎಂಟೂ ಜನ ಬಂದರು. ಅಕ್ಕ ಪಾರ್ಲರಿನ ಎರಡು ಕುರ್ಚಿಗಳನ್ನು ಅಂಗಳಕ್ಕೆ ತಂದು ಒಂದರ ಹಿಂದೆ ಒಂದು ಇಟ್ಟಿದ್ದರು. ಕೋಲು ಹಿಡಿದಿರಲಿಲ್ಲ.

“ನನ್ ಹೆಸ್ರು ಬರಿ,” ಎಂದರು ನನಗೆ. “ಬಸ್ನಲ್ಲಿ ನಾನೆಷ್ಟ್ ಸಲ ಅಣ್ಣ ಅಂದೆ?”

ನಾನು ನೆಲ ನೋಡಿದೆ. “ಒಂದು ಸಲ ಅಕ್ಕ.”

“ಯಾಕ್ ಸುಳ್ ಹೇಳ್ತೀಯ? ಮೂರು. ಕಡೇದು ಥ್ಯಾಂಕ್ಸ್ ಸಮೇತ.” ಆಮೇಲೆ ಎಲ್ಲರ ಕಡೆ ತಿರುಗಿ ಬಸ್ಸಿನಲ್ಲಿ ನಡೆದದ್ದನ್ನು ಹೇಳಿದರು. ಕೈ ಎಲ್ಲಿತ್ತು, ಅವನು ಏನೆಂದ, ತಾನು ಏನೆಂದೆ ಎಂದು ಒಂದೊಂದನ್ನೂ, ಬೇರೆ ಯಾರದೋ ವಿಷಯದಂತೆ. ಹೇಳುವಾಗ ಅವರ ಕುತ್ತಿಗೆಯವರೆಗೆ ಕೆಂಪೇರಿತು. ಆಮೇಲೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಬಸ್ಕಿ ಹೊಡೆಯಲು ಶುರು ಮಾಡಿದರು.

“ಬ್ಯಾಡಕ್ಕಾ, ಕಾಲ್ ನೋವು ನಿಮ್ಗೆ,” ಎಂದಳು ರೂಪ.

“ಎಣುಸ್ರೇ.”

ಕೊನೆಗೆ ರೂಪಳೇ ಸಣ್ಣ ದನಿಯಲ್ಲಿ ಇಸಾ ಅಂದಳು. ದಲವಾ ಅನ್ನುವಾಗ ಇನ್ನಿಬ್ಬರು ಸೇರಿದರು. ಹತ್ತಾದ ಮೇಲೆ ಅಕ್ಕ ಗೋಡೆ ಹಿಡಿದುಕೊಂಡರು. ಹದಿನೈದಕ್ಕೆ ಎಡ ಮೊಣಕಾಲು ಮಡಚಲಿಲ್ಲ, ಬಲಗಾಲಿನ ಮೇಲೆ ಭಾರ ಹಾಕಿ ಅರ್ಧ ಕೂತು ಎದ್ದರು. ಮೂವತ್ತನ್ನೂ ಮುಗಿಸಿದರು. ಅದನ್ನು ನೋಡುವುದಕ್ಕಿಂತ ಬಸ್ಸಿನಲ್ಲಿ ನೋಡಿದ್ದೇ ಸುಲಭವಾಗಿತ್ತು.

ಆಗ ರೂಪ, ಯಾವ ಚುಚ್ಚುವ ಉದ್ದೇಶವೂ ಇಲ್ಲದೆ, ನನ್ನನ್ನು ಕೇಳಿದಳು: “ನೀನೂ ಅಲ್ಲೇ ಇದ್ಯಲ್ವೇನೇ? ನೀನೇನಂದೆ?”

“ನಾನೇನೂ ಅನ್ಲಿಲ್ಲ.”

“ಅಣ್ಣ ಅಂತ ಕೂಡಾ ಅನ್ಲಿಲ್ವಾ?”

ಪುಸ್ತಕ ನನ್ನ ತೊಡೆಯ ಮೇಲಿತ್ತು. ನನ್ನ ಹೆಸರಿನ ಮುಂದಿನ ಜಾಗ ಖಾಲಿಯಾಗಿ, ಬೆಳ್ಳಗೆ, ಎಲ್ಲರಿಗೂ ಕಾಣುವಂತೆ ಇತ್ತು. ಅಕ್ಕ ಅಣ್ಣಾ ಎಂದಾದರೂ ಅಂದಿದ್ದರು, ಬ್ಯಾಗನ್ನಾದರೂ ಕೇಳಿದ್ದರು. ನಾನು ಹಿಂದೆ ನಿಂತು, ಇನ್ನೊಬ್ಬರ ಪೆಟ್ಟು ಬೀಳಲಿ ಎಂದು ಕಾದಿದ್ದೆ. ಪುಸ್ತಕ ಮುಚ್ಚಿದೆ.

ಅಕ್ಕ ಆ ಮಾತನ್ನು ಮುಂದುವರಿಸಲು ಬಿಡಲಿಲ್ಲ. “ಅವ್ಳಿಗೆ ಬೇರೆ ಕೆಲ್ಸ ಐತೆ,” ಎಂದು ನನ್ನನ್ನು ಮುಂದಿನ ಕುರ್ಚಿಯಲ್ಲಿ ಕೂರಿಸಿದರು. ಬೆತ್ತಗಳಿದ್ದ ಬ್ಯಾಗನ್ನು ನನ್ನ ತೊಡೆಯ ಮೇಲಿಟ್ಟರು. ತಾವು ಪಕ್ಕದಲ್ಲಿ ನಿಂತು, ಬಟ್ಟೆ ಒಣಹಾಕುವ ತಂತಿಯನ್ನು ಬಸ್ಸಿನ ಕಂಬಿಯಂತೆ ಹಿಡಿದುಕೊಂಡರು. ಇದುವರೆಗೆ ಅಂಗಳದಲ್ಲಿ ಎಷ್ಟೋ ಹುಡುಗಿಯರ ಕೈ ಹಿಡಿದಿದ್ದ ನನಗೆ ಅಂದು ಕೈ ಏಳಲಿಲ್ಲ.

“ಮುಟ್ಟೇ.”

“ಆಗ್ತಿಲ್ಲ ಅಕ್ಕ.”

“ಅವ್ನು ನಾಚ್ಕೊಂಡ್ನಾ? ನೀನ್ಯಾಕ್ ನಾಚ್ಕೊಂತೀಯ? ಮುಟ್ಟು.”

ಬ್ಯಾಗಿನ ಮರೆಯಲ್ಲಿ ಕೈ ಚಾಚಿದೆ. ಅಕ್ಕನ ಬೆನ್ನು ಬಸ್ಸಿನಲ್ಲಿ ಬಿಗಿದಂತೆಯೇ ಬಿಗಿಯಿತು. ತಿರುಗಿದರು. ಬಾಯಿ ತೆರೆದರು.

“ಅಣ್ಣಾ...”

ಅಂಗಳದಲ್ಲಿ ಯಾರೂ ನಗಲಿಲ್ಲ. ಅಕ್ಕ ತಂತಿ ಬಿಟ್ಟು, ಕಣ್ಣು ಒತ್ತಿಕೊಂಡು, ಮತ್ತೆ ತಂತಿ ಹಿಡಿದರು. “ಗೀಟ್ ಹಾಕು. ಮಳ್ಳಾ.”

ಎರಡನೆಯ ಸಲ ಅವರ ಬಾಯಿಂದ ಏನೂ ಬರಲಿಲ್ಲ. “ಮಳ್ಳಾ.” ಮೂರನೆಯ ಸಲವೂ ಅಷ್ಟೆ. ನಾಲ್ಕನೆಯ ಸಲ ನನ್ನ ಕೈ ತಾಕಿದಾಗ ಅವರು ತಿರುಗಿ, “ಕೈ ತೆಗಿ” ಅಂದರು. ಕೂಗಲಿಲ್ಲ. ಗಿರಣಿ ಮುಚ್ಚಿದ್ದ ಆ ಮಧ್ಯಾಹ್ನವೂ ಅದು ಹಿಂದೆ ನಿಂತವರಿಗೆ ಕೇಳಿಸಿತೋ ಇಲ್ಲವೋ. ಎಲ್ಲ ಹುಡುಗಿಯರೂ ದೊಡ್ಡದೊಂದು ಕೂಗಿಗೆ ಕಾದಿದ್ದರು.

“ಇಷ್ಟೇ ಬಂತು ಇವತ್ಗೆ,” ಎಂದು ಅಕ್ಕ ಹಣೆ ಒರೆಸಿಕೊಂಡರು. ಆಮೇಲೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ತಂತಿಯ ಕೆಳಗೆ ನಿಲ್ಲಿಸಿ, ತಾವೇ ಆ ಬ್ಯಾಗು ಇಟ್ಟುಕೊಂಡು ಕೂತರು. “ಈಗ ನೀನ್ ನಿಂತ್ಕೊ.”

ನಾನು ನಿಂತೆ. ಅಂದು ನನ್ನ ಹೆಸರಿನ ಮುಂದೆ ಆರು ಗೀಟು ಬಿದ್ದವು. ರೂಪ ಹಾಕಿದಳು.

ಅಲ್ಲಿಂದ ಮುಂದೆ ತರಗತಿಯ ಅರ್ಧ ಸಮಯ ಆ ಎರಡು ಕುರ್ಚಿಗಳ ಬಸ್ಸಿನಲ್ಲೇ ಕಳೆಯುತ್ತಿತ್ತು. ಕೋಲು ಆಮೇಲೆ. ಶಿರಾದ ಹಾಸ್ಟೆಲಿನವರು ಮತ್ತೆ ಕರೆಯಲಿಲ್ಲ. ಅಕ್ಕನೂ ಆ ವಿಷಯ ಎತ್ತಲಿಲ್ಲ. ಎತ್ತಿದ್ದರೆ ಹೋಗುತ್ತಿದ್ದರೇನೋ, ನಾನು ಕೇಳಲಿಲ್ಲ. ಕುವೈತಿನ ಸಲೂನಿನಲ್ಲಿದ್ದ ಆ ಹಿರಿಯಳು ಅಲ್ಲೇ ತಾನೇ ಒಂದು ಅಂಗಡಿ ತೆರೆದು ಇವರನ್ನು ಕರೆಸಿಕೊಂಡಾಗ ಅಕ್ಕ ಎರಡು ವಾರ ಯೋಚಿಸಿ ಹೂಂ ಅಂದರು. ಬೆತ್ತಗಳನ್ನು ನಮಗೇ ಬಿಟ್ಟರು.

ಹೊರಡುವ ದಿನ ಬಸ್ ನಿಲ್ದಾಣಕ್ಕೆ ನಾನೊಬ್ಬಳೇ ಹೋಗಿದ್ದೆ. ಬೆಂಗಳೂರಿನ ಬಸ್ಸು ಆಗಲೇ ತುಂಬಿತ್ತು. ಅಕ್ಕ ದೊಡ್ಡ ಪೆಟ್ಟಿಗೆಯನ್ನು ಡ್ರೈವರ್ ಪಕ್ಕ ಇಡಿಸಿ, ಕೈಚೀಲ ಹಿಡಿದು ಒಳಗೆ ನಿಂತರು. ಕಿಟಕಿ ತೆರೆದಿತ್ತು, ನಾನು ಕೆಳಗೆ. ಪಕ್ಕದ ಸೀಟಿನ ಮುದುಕರೊಬ್ಬರು ಕೈ ಚಾಚಿ, “ಕೊಡು ತಾಯಿ, ಇಟ್ಕೊಂತೀನಿ” ಎಂದರು. ಬಾಯಲ್ಲಿ ಹಲ್ಲಿಲ್ಲ, ಕೈ ನಡುಗುತ್ತಿತ್ತು. ನಿಜಕ್ಕೂ ಸಹಾಯಕ್ಕೇ ಕೇಳಿದವರು.

“ಬ್ಯಾಡ. ನನ್ನತ್ರಾನೇ ಇರ್ಲಿ,” ಎಂದರು ಅಕ್ಕ.

ಮುದುಕರ ಕೈ ಹಾಗೇ ಗಾಳಿಯಲ್ಲಿ ನಿಂತು, ಮೆಲ್ಲಗೆ ತೊಡೆಗೆ ಇಳಿಯಿತು. “ಒಳ್ಳೇದಕ್ ಕೇಳುದ್ರೂ ಇಂಗಂತಾರಪ್ಪ” ಎಂದು ಪಕ್ಕದವರಿಗೆ ಹೇಳಿಕೊಂಡರು. ಅಕ್ಕನ ಕುತ್ತಿಗೆ ಕೆಂಪಾಯಿತು. ಚೀಲವನ್ನು ಎದೆಗೆ ಒತ್ತಿಕೊಂಡು ಅವರು ಕಿಟಕಿಯ ಕಡೆ ತಿರುಗಿ ನನ್ನನ್ನು ನೋಡಿದರು. ಪರ್ವಾಗಿಲ್ವಾ, ಸರಿ ಮಾಡಿದೆನಾ, ಎಂದು ಪರೀಕ್ಷಕರನ್ನು ನೋಡುವ ಹಾಗೆ. ಅಂಥ ನೋಟ ನೋಡುವುದಕ್ಕೆ ಅವರಿಗೆ ನನ್ನ ಬದಲು ಬೇರೆ ಯಾರಾದರೂ ಇರಬೇಕಿತ್ತು.

ನಾನು ಎರಡೂ ಖಾಲಿ ಅಂಗೈಗಳನ್ನು ಎತ್ತಿ ತೋರಿಸಿದೆ. ಗೀಟು ಹಾಕಲು ಪೆನ್ನು ತಂದಿರಲಿಲ್ಲ.